ಆಟಿಸಂ ಮಕ್ಕಳಿಗೆ ಗೋಧಿ, ಹಾಲು ಬಿಡಿಸಬೇಕೆ?

ಆಟಿಸಂ ಇರುವ ಮಗುವಿಗೆ ಗೋಧಿಯನ್ನೂ ಹಾಲನ್ನೂ ಬಿಡಿಸಿದರೆ ಗುಣ ಕಾಣುವುದೆಂಬ ಮಾತು ಈಗ ನಮ್ಮ ಚಾಳುಗಳಲ್ಲಿಯೂ ಕೇಳಿಬರುತ್ತಿದೆ. ಬೈಕುಲ್ಲಾದ ಒಂದೇ ಖೋಲಿಯಲ್ಲಿ ಸಂಸಾರ ನಡೆಸುವ ಗುಮಾಸ್ತನಿಗೆ ಒಂದು ಮಗುವಿಗೆಂದು ಬೇರೆ ಹಿಟ್ಟು, ಬೇರೆ ಅಡುಗೆ ಎಂದರೆ ಸಣ್ಣ ಖರ್ಚಲ್ಲ. ಆದುದರಿಂದ ಈ ಪಥ್ಯದಲ್ಲಿ ಎಷ್ಟು ಹುರುಳಿದೆಯೆಂಬುದನ್ನು ವಾಚಕರ ಮುಂದಿಡುತ್ತೇವೆ.

ಆಟಿಸಂ ಹುಚ್ಚಲ್ಲ, ತಾಯ್ತಂದೆಯರ ಅಲಕ್ಷ್ಯದ ಫಲವೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭೇದ. ಇನ್ನು ಪಥ್ಯದ ವಾದ ಹೀಗಿದೆ: ಗೋಧಿಯಲ್ಲಿ ಗ್ಲುಟೆನ್, ಹಾಲಿನಲ್ಲಿ ಕೇಸಿನ್ ಎಂಬ ಸಸಾರಜನಕಗಳಿವೆ. ಇವು ಪೂರ್ತಿ ಜೀರ್ಣವಾಗದೆ ತುಣುಕುಗಳಾಗಿ ಕರುಳಿನಿಂದ ರಕ್ತಕ್ಕೆ ಸೋರಿ, ಮಿದುಳಿನಲ್ಲಿ ಅಫೀಮಿನಂತೆ ಕೆಲಸಮಾಡುತ್ತವೆ. 1979ರಿಂದೀಚೆಗೆ ಬೆಳೆದುಬಂದ ಈ ಊಹೆ ಜಾಣತನದ್ದೇ. ಆದರೆ 2008ರಲ್ಲಿ ಇಂಗ್ಲೆಂಡಿನ ವೈದ್ಯರು ಇಂಥ ಮಕ್ಕಳ ಮೂತ್ರವನ್ನು ಪರೀಕ್ಷಿಸಿದಾಗ ಆ ತುಣುಕುಗಳು ಸಿಗಲಿಲ್ಲ.

2016ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು ಇನ್ನೂ ಸೊಗಸಾದುದು. 14 ಮಕ್ಕಳನ್ನು ಕೆಲವು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟು, ಆಮೇಲೆ ತಿಂಡಿಯಲ್ಲಿ ಅಡಗಿಸಿ ಒಮ್ಮೆ ಗೋಧಿ, ಒಮ್ಮೆ ಹಾಲು, ಒಮ್ಮೆ ಎರಡೂ, ಒಮ್ಮೆ ಎರಡೂ ಇಲ್ಲದ್ದನ್ನು ಕೊಟ್ಟರು. ಯಾವ ದಿನ ಯಾವುದೆಂದು ತಾಯಿಗೂ ತಿಳಿಯದು, ಪರೀಕ್ಷಕರಿಗೂ ತಿಳಿಯದು. ಈ ಗುಟ್ಟು ಅವಶ್ಯ. ಏಕೆಂದರೆ ಕಷ್ಟಪಟ್ಟು ಪಥ್ಯ ನಡೆಸಿದ ತಾಯಿಯ ಕಣ್ಣು ಗುಣವನ್ನೇ ಹುಡುಕುತ್ತದೆ. ವರ್ತನೆ, ನಿದ್ರೆ, ಹೊಟ್ಟೆಯ ಸ್ಥಿತಿ, ಯಾವುದರಲ್ಲಿಯೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 14 ಮಕ್ಕಳು ಕಡಿಮೆಯೇ ಸರಿ. ಆದರೂ ಆಟಿಸಂಗಾಗಿ ಈ ಪಥ್ಯ ಬೇಡವೆಂದು ಇಂಗ್ಲೆಂಡಿನ ಅಧಿಕೃತ ವೈದ್ಯಕೀಯ ಮಾರ್ಗದರ್ಶಿಯು 2013ರಲ್ಲಿಯೇ ಹೇಳಿದೆ.

ಮಾಡಿದರೆ ನಷ್ಟವೇನೆಂದು ಕೇಳಬಹುದು. ಈ ಮಕ್ಕಳಲ್ಲಿ ಅನೇಕರು ಮೊದಲೇ ಎರಡು ಮೂರು ಪದಾರ್ಥಗಳ ಹೊರತು ಬೇರೇನನ್ನೂ ಮುಟ್ಟರು. ಚಪಾತಿ ಹಾಲನ್ನಷ್ಟೇ ತಿನ್ನುವ ಹುಡುಗನಿಂದ ಅವೆರಡನ್ನೂ ಕಿತ್ತುಕೊಂಡರೆ ಉಳಿಯುವುದೇನು? ಹಾಲು ಬಿಟ್ಟ ಇಂಥ ಹುಡುಗರ ಮೂಳೆಗಳು ಹೆಚ್ಚು ತೆಳುವಾಗಿದ್ದುದನ್ನು 2008ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಒಂದು ಮಾತಿನಲ್ಲಿ ನಾವು ಭಾಗ್ಯವಂತರು. ನಮ್ಮ ಅನ್ನ, ಇಡ್ಲಿ, ರಾಗಿ ಮುದ್ದೆ, ಜೋಳದ ರೊಟ್ಟಿಗಳಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಡಬ್ಬಿಯ ದುಬಾರಿ ಹಿಟ್ಟು ಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. (ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು!)

ಗೋಧಿಯನ್ನು ಖಂಡಿತವಾಗಿ ಬಿಡಬೇಕಾದ ರೋಗವೊಂದಿದೆ. ಅದಕ್ಕೆ ಸೀಲಿಯಾಕ್ ಎನ್ನುತ್ತಾರೆ. ಅದು ಆಟಿಸಂ ಇರುವವರಿಗೂ ಬರಬಹುದು, ಇಲ್ಲದವರಿಗೂ ಬರಬಹುದು. ಮಾತು ಬಾರದ ಮಗು ಹೊಟ್ಟೆನೋವನ್ನು ಹೇಳಲಾರದೆ ಕೈ ಕಚ್ಚಿಕೊಳ್ಳಬಹುದು, ರಾತ್ರಿಯೆಲ್ಲ ಅಳಬಹುದು. ಬೇಧಿ, ಮಲಬದ್ಧತೆ, ತೂಕ ಏರದಿರುವುದು ಕಂಡರೆ ನಮ್ಮ ಬೈಕುಲ್ಲಾದ ಜೆ. ಜೆ. ಆಸ್ಪತ್ರೆಗೋ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಗೋ ಕರೆದೊಯ್ಯಿರಿ. ಸೀಲಿಯಾಕಿನ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸತಕ್ಕದ್ದು. ಬಿಡಿಸಿದ ಮೇಲೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು.