ಗಿರಣಿ ನಿಂತಿತು, ನೆಲಮಾಳಿಗೆ ಒದ್ದೆಯಾಯಿತು

ಜರ್ಮನಿಯ ಗಡಿಗೆ ಆತುಕೊಂಡಿರುವ ನೆದರ್‌ಲೆಂಡ್ಸಿನ ಎನ್ಸ್‌ಕೆಡೆ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಬಟ್ಟೆ ತೊಳೆಯಲು, ಬಣ್ಣ ಹಾಕಲು ಗಿರಣಿಗಳು ಅಂತರ್ಜಲವನ್ನು ಎತ್ತುತ್ತಲೇ ಇದ್ದವು. 1960ರ ದಶಕದಿಂದೀಚೆಗೆ ಅವು ಒಂದೊಂದಾಗಿ ಬಾಗಿಲು ಹಾಕಿದವು, ಪಂಪುಗಳೂ ನಿಂತವು. ನೀರು ಮೇಲೆ ಬಂತು. ಹಿಮಯುಗ ಬಿಟ್ಟುಹೋದ ಜೇಡಿಮಣ್ಣು ಅದನ್ನು ಕೆಳಕ್ಕೆ ಇಂಗಗೊಡಲಿಲ್ಲ. ಹಳೆಯ ನೆಲಮಾಳಿಗೆಗಳಲ್ಲಿ ತೇವ ಕಾಣಿಸಿಕೊಂಡಿತು.

ಇಂಥ ನೆಲಮಾಳಿಗೆಯನ್ನು ಓದುವ ಕೋಣೆ ಮಾಡಿಕೊಳ್ಳಲು ಹೊರಟವರು ಮೊದಲು ಗೋಡೆಗೆ ಉಣ್ಣೆಯಂಥ ಇನ್ಸುಲೇಶನ್ ತುಂಬಿ, ಮೇಲೆ ಹಲಗೆ ಬಡಿಯುತ್ತಾರೆ. ಯಡವಟ್ಟಾಗುವುದು ಅಲ್ಲಿಯೇ.

ಗೋಡೆಗೆ ನೀರು ಎರಡು ದಾರಿಯಿಂದ ಬರುತ್ತದೆ. ಒಂದು, ಮಣ್ಣಿನಿಂದ. ಮೀಟರ್ ಎತ್ತರ ನಿಂತ ನೀರು ತಳದಲ್ಲಿ ಚದರ ಮೀಟರಿಗೆ ಸುಮಾರು 1,000 ಕಿಲೋ ಭಾರದಷ್ಟು ಒತ್ತುತ್ತದೆ. ಒಳಗಿನಿಂದ ಬಳಿದ ಬಣ್ಣ ಅದನ್ನು ತಡೆಯಲಾರದೆ ಹಕ್ಕಳೆ ಏಳುತ್ತದೆ. ಇನ್ನೊಂದು, ಗಾಳಿಯಿಂದ. 25 ಡಿಗ್ರಿಯ, ಶೇ. 60 ತೇವವಿರುವ ಬೇಸಿಗೆ ಗಾಳಿ 17 ಡಿಗ್ರಿಗಿಂತ ತಣ್ಣಗಿನ ಗೋಡೆಗೆ ತಾಗಿದರೆ ಹನಿಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವುದೂ ಹೀಗೆಯೇ.

ಒಳಗಿನಿಂದ ಕಂಬಳಿ ಹೊದಿಸಿದರೆ ಕೋಣೆಯ ಶಾಖ ಗೋಡೆಗೆ ಮುಟ್ಟುವುದಿಲ್ಲ. ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ಸಂದಿಯಲ್ಲಿ ನುಸುಳಿದ ಆವಿ ಅದರ ಮೇಲೆ ನೀರಾಗಿ, ಹಲಗೆಯ ಹಿಂದೆ ಯಾರಿಗೂ ಕಾಣದಂತೆ ಬೂಷ್ಟು ಬೆಳೆಯುತ್ತದೆ. ಉಣ್ಣೆ ಶಾಖ ತಡೆಯುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ. ಆದ್ದರಿಂದ ಒದ್ದೆ ಉಣ್ಣೆ ಇದ್ದೂ ಇಲ್ಲದಂತೆ.

ಯಾವ ನೀರೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಗೋಡೆಗೆ ಅಂಗೈ ಅಗಲಕ್ಕಿಂತ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂದಿದ್ದರೆ ನೀರು ಗೋಡೆಯದು. ಮುಂದಿದ್ದರೆ ಕೋಣೆಯ ಗಾಳಿಯದು.

ಗೋಡೆಯದಾದರೆ ಹೊರಗಿನಿಂದ ಅಗೆದು, ನೀರು ತಡೆಯುವ ಲೇಪ ಕೊಟ್ಟು, ನೀರು ಹೀರದ ಪಾಲಿಸ್ಟೈರೀನ್ ಫಲಕ ಹಚ್ಚಿ, ಬುಡದಲ್ಲಿ ಬಸಿಗೊಳವೆ ಹಾಕುವುದು ಉತ್ತಮ. ಆಗ ಗೋಡೆಯೂ ಬೆಚ್ಚಗಿರುತ್ತದೆ. ಒತ್ತೊತ್ತಾಗಿ ಮನೆಗಳಿದ್ದು ಅಗೆಯಲಾಗದಿದ್ದರೆ, ಸೋರಿಕೆ ನಿಲ್ಲಿಸಿ ಗೋಡೆ ಒಣಗಿದ ಮೇಲೆ ಅಂಥದೇ ಫಲಕವನ್ನು ಒಳಗೆ ಸಂದಿಲ್ಲದಂತೆ ಅಂಟಿಸಿ, ಜೋಡಣೆಗಳನ್ನು ಮುಚ್ಚಬೇಕು.

ಎನ್ಸ್‌ಕೆಡೆ ಊರೂ ನೀರಿಗೆ ಮೊದಲು ದಾರಿ ಬಿಟ್ಟಿದೆ. 2000ರ ಮೇ 13ರ ಪಟಾಕಿ ದುರಂತದಲ್ಲಿ ನಾಶವಾದ ರೋಂಬೇಕ್ ಬಡಾವಣೆಯನ್ನು ಮತ್ತೆ ಕಟ್ಟುವಾಗ, ಅದಕ್ಕೆ ಹೆಸರು ಕೊಟ್ಟ ತೊರೆಯನ್ನು ಬೀದಿಯ ನಡುವೆ ಹರಿಯಬಿಟ್ಟರು. ಮಳೆ ನೀರು ಈಗ ಅದರಲ್ಲೇ ಹೋಗುತ್ತದೆ.