ಕ್ಷೌರದಂಗಡಿಯ ಮರದ ಬೈಬಲ್

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಎಲೈಜಾ ಪಿಯರ್ಸ್ (1892–1984) ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಚಾಕು, ಉಳಿ ಹಿಡಿದು ಬೈಬಲಿನ ಕತೆಗಳನ್ನು ಹಲಗೆಯ ಮೇಲೆ ಉಬ್ಬುಕೆತ್ತನೆಯಾಗಿ ಮೂಡಿಸಿ ಢಾಳಾಗಿ ಬಣ್ಣ ಬಳಿಯುತ್ತಿದ್ದರು. ಅವರ ತಂದೆ ಗುಲಾಮರಾಗಿದ್ದು ಬಿಡುಗಡೆ ಕಂಡವರು. ಕಲಾಲೋಕ ಪಿಯರ್ಸ್ ಅವರನ್ನು ಗುರುತಿಸಿದ್ದು ಅವರಿಗೆ ಎಂಬತ್ತು ಹತ್ತಿರವಾದಾಗ. ಗುರುತಿಸಿದ ಮೇಲೆ ಕೊಟ್ಟ ಬಿರುದು 'ಮುಗ್ಧ ಕಲಾವಿದ'. ಹೊಗಳಿಕೆಯಂತೆ ಕೇಳಿಸುವ ಈ ಮಾತು ಅವರ ಕೆಲಸವನ್ನು ಸಣ್ಣದು ಮಾಡುತ್ತದೆ. ಪಿಯರ್ಸ್ ಪರವಾನಗಿ ಪಡೆದ ಧರ್ಮಬೋಧಕರೂ ಆಗಿದ್ದರು. ಆ ಹಲಗೆಗಳು ಅವರ ಉಪದೇಶದ ಸಾಧನಗಳು. 1930ರ ದಶಕದಲ್ಲಿ ಯೇಸುವಿನ ಬದುಕನ್ನು ದೊಡ್ಡ ಹಲಗೆಗಳಲ್ಲಿ ಕೆತ್ತಿ 'ಮರದ ಪುಸ್ತಕ'ವೆಂದು ಕರೆದರು. ಪತ್ನಿ ಕಾರ್ನೀಲಿಯಾ ಜೊತೆ ಅದನ್ನು ಚರ್ಚುಗಳಿಗೂ ಜಾತ್ರೆಗಳಿಗೂ ಹೊತ್ತೊಯ್ದು, ನೆರೆದವರಿಗೆ ಒಂದೊಂದೇ ಪ್ರಸಂಗವನ್ನು ಬಿಡಿಸಿ ಹೇಳಿದರು. ಗುಂಪಿನ ಹಿಂದಿನ ಸಾಲಿನಲ್ಲಿ ನಿಂತವರಿಗೂ ಕತೆ ತಿಳಿಯಬೇಕಾದಾಗ ಗಟ್ಟಿ ಅಂಚು, ಎದ್ದು ಕಾಣುವ ಬಣ್ಣ, ಒಂದರ ಮರೆಗೆ ಇನ್ನೊಂದು ಸರಿಯದ ಆಕೃತಿಗಳೇ ಬೇಕು.

ದೂರ-ಹತ್ತಿರದ ಅಳತೆ ಅವರಿಗೆ ಒಲಿದಿರಲಿಲ್ಲ, ಕೊರತೆಯನ್ನೇ ಗುಣವೆಂದು ಸಾಧಿಸಬೇಡಿ ಎಂದು ಯಾರಾದರೂ ಹೇಳಬಹುದು. ಇರಬಹುದು, ಶಾಲೆಯ ಚಿತ್ರಕಲೆ ಅವರು ಕಲಿತದ್ದಲ್ಲ. ಆದರೆ 'ಶಿಲುಬೆಗೇರಿಸುವಿಕೆ' ಎಂಬ ಅವರ ಕೆತ್ತನೆಯನ್ನು ನೋಡಿ. ಬಿಡಿಬಿಡಿಯಾಗಿ ಕೆತ್ತಿದ ಹತ್ತಾರು ಆಕೃತಿಗಳನ್ನು ಒಂದೇ ಹಲಗೆಗೆ ಜೋಡಿಸಿದ್ದಾರೆ. ಕ್ರಿಸ್ತನ ಸುತ್ತ ಜನಜಂಗುಳಿ. ಅದರೊಳಗೆ ಕವಲುಗೋಲು ಹಿಡಿದ ಸೈತಾನನೂ ಇದ್ದಾನೆ. ಅಷ್ಟು ಜನರಿದ್ದರೂ ಯಾರೊಬ್ಬರೂ ಕಣ್ತಪ್ಪುವುದಿಲ್ಲ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸದ ಕೈಗೆ ಇದು ಸಾಧ್ಯವೇ? ಅಲ್ಲದೆ ಅವರು ಪೂರಾ ಗುರುವಿಲ್ಲದವರೂ ಅಲ್ಲ: ಯಾವ ಮರ ಹೇಗೆ, ಚಾಕು ಹೇಗೆ ಓಡಬೇಕು ಎಂಬುದನ್ನು ಬಾಲ್ಯದಲ್ಲಿ ಹೇಳಿಕೊಟ್ಟವರು ಅವರ ತಾಯಿಯ ಕಡೆಯ ಬಂಧುವೇ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಪಿಯರ್ಸ್ ಮುಷ್ಟಿಕಾಳಗದ ಜೋ ಲೂಯಿಸ್‌ರನ್ನು ಕೆತ್ತಿದರು, ಅಬ್ರಹಾಂ ಲಿಂಕನ್‌ರನ್ನು, ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕೆತ್ತಿದರು, ವಾಟರ್‌ಗೇಟ್ ಹಗರಣವನ್ನೂ ಬಿಡಲಿಲ್ಲ. ಇವೆಲ್ಲ ಎಂಥ ಉಪದೇಶ? ಬೋಧಕ ಬೈಬಲನ್ನು ಓದಿ ಸುಮ್ಮನಾಗುವುದಿಲ್ಲ. ಅಂದಂದಿನ ಸುದ್ದಿಯಲ್ಲಿ ಪಾಪ, ಬಿಡುಗಡೆ, ನ್ಯಾಯಗಳನ್ನು ತೋರಿಸುತ್ತಾನೆ. ನೀತಿ ಹುಡುಕಿದರೂ ಸಿಗದ, ಬರೀ ಖುಷಿಗೆ ಮಾಡಿದ ಪ್ರಾಣಿಗಳೂ ಇವೆ ಎಂಬುದು ನಿಜ. ಹೆಂಡತಿಯ ಹುಟ್ಟುಹಬ್ಬಕ್ಕೆಂದು ಕೆತ್ತಿಕೊಟ್ಟ ಪುಟ್ಟ ಆನೆಯಲ್ಲಿ ಧರ್ಮಬೋಧೆಯನ್ನು ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ. 1982ರಲ್ಲಿ ಅಮೆರಿಕ ಸರ್ಕಾರ ಅವರಿಗೆ ರಾಷ್ಟ್ರೀಯ ಪರಂಪರಾ ಗೌರವ ನೀಡಿತು. ಅವರ ಕೃತಿಗಳ ದೊಡ್ಡ ಸಂಗ್ರಹ ಈಗ ಕೊಲಂಬಸ್ ಕಲಾ ಸಂಗ್ರಹಾಲಯದಲ್ಲಿದೆ. ಪಕ್ಕದಲ್ಲಿ ನಿಂತು ಕತೆ ಹೇಳುವವರಿಲ್ಲದ್ದರಿಂದ ನೋಡುವವರು ಬೈಬಲನ್ನು ತಾವೇ ಓದಿಕೊಂಡು ಹೋಗಿರಬೇಕು.