ಕೊಳಕುಮಂಡಲ ಹಾಕುವ ಹೆಪ್ಪು

ಮುಸ್ಸಂಜೆ ಬಣವೆಯಿಂದ ಹುಲ್ಲು ಹಿರಿಯುವ ಕೈಗೂ ಬದುವಿನ ಮೇಲೆ ಮೇಯುವ ಹಸುವಿನ ಮೂತಿಗೂ ಎದುರಾಗಬಹುದಾದ ಹಾವು ಒಂದೇ: ಕೊಳಕುಮಂಡಲ. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಇದು. ಒಣಹುಲ್ಲಿನ ಬಣ್ಣದಲ್ಲಿ ಬೆರೆತು ಅಲ್ಲಾಡದೆ ಬಿದ್ದಿರುತ್ತದೆ. ಬೆನ್ನಿನ ಮಚ್ಚೆ ನೋಡಿ ಹೆಬ್ಬಾವಿನ ಮರಿಯೆಂದು ಮುಟ್ಟಲು ಹೋದವರೂ ಇದ್ದಾರೆ.

ಕಚ್ಚಿದ ಮೇಲೆ ಮೈಯೊಳಗೆ ಆಗುವುದೇನು? ಹಾಲಿಗೆ ಹೆಪ್ಪು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಯವಾದಾಗ ನಮ್ಮ ರಕ್ತದಲ್ಲಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಎಳೆಗಳಾಗಿ ಹೆಣೆದುಕೊಂಡು ಹೆಪ್ಪುಗಟ್ಟುತ್ತದೆ, ಗಾಯವಿದ್ದಲ್ಲಿ ಮಾತ್ರ. ಕೊಳಕುಮಂಡಲದ ವಿಷದ ಕಿಣ್ವಗಳು ಗಾಯವೇ ಇಲ್ಲದ ಕಡೆಯಲ್ಲೂ ಹೆಪ್ಪು ಹಾಕಿಬಿಡುತ್ತವೆ. ರಕ್ತನಾಳಗಳ ಉದ್ದಕ್ಕೂ ಎಳೆಗಳು ಹುಟ್ಟುತ್ತವೆ, ಕರಗುತ್ತವೆ, ಫೈಬ್ರಿನೋಜನ್ ಖರ್ಚಾಗಿಹೋಗುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಒಸಡಿನಲ್ಲಿ ರಕ್ತ ಜಿನುಗುತ್ತದೆ, ಮೂತ್ರ ಕೆಂಪಾಗುತ್ತದೆ, ಮೂತ್ರಪಿಂಡಗಳು ಸೋಲತೊಡಗುತ್ತವೆ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಕಿಲ್ಲ. ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟು ಓರೆಮಾಡುತ್ತಾರೆ. ನೀರಿನಂತೆ ಹರಿದರೆ ವಿಷ ಕೆಲಸ ಮಾಡುತ್ತಿದೆ ಎಂದರ್ಥ.

ಮದ್ದು ಪ್ರತಿವಿಷ ಒಂದೇ. ತಮಿಳುನಾಡಿನ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಹಾವುಗಳಿಂದ ವಿಷ ತೆಗೆದು ಔಷಧ ತಯಾರಕರಿಗೆ ಕೊಡುತ್ತದೆ. ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿದಾಗ ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳೇ ಈ ಔಷಧ. ಪ್ರತಿವಿಷ ಕಾದಾಡುವುದು ವಿಷದ ಜೊತೆ. ಆದ್ದರಿಂದ ರೋಗಿಯ ತೂಕ ನೋಡಿ ಅಳತೆ ಇಳಿಸುವಂತಿಲ್ಲ. ಐದು ವರ್ಷದ ಮಗುವಿಗೂ ದೊಡ್ಡವರಷ್ಟೇ ಸೀಸೆಗಳು ಬೇಕು. ಅದು ರಕ್ತದಲ್ಲಿ ಅಲೆಯುವ ವಿಷವನ್ನು ಹಿಡಿಯಬಲ್ಲದೇ ಹೊರತು ಆಗಲೇ ಕೆಟ್ಟ ಮೂತ್ರಪಿಂಡವನ್ನು ಸರಿಪಡಿಸಲಾರದು. ಮಂತ್ರ ಹಾಕಿಸಲು, ನಾಟಿ ಮದ್ದು ಅರೆಯಲು ಕಳೆದ ಗಂಟೆ ಅದಕ್ಕೇ ಅಷ್ಟು ದುಬಾರಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೊರಡಿ.

ಹಸುವನ್ನು ಹೀಗೆ ಎತ್ತಿಕೊಂಡು ಓಡುವುದು ಹೇಗೆ? ಹುಲ್ಲು ಮೂಸುವಾಗ ಮೂತಿಗೆ ಕಚ್ಚಿದರೆ ಮುಖ ಊದಿ ಉಸಿರೇ ಕಟ್ಟಬಹುದು. ಮನುಷ್ಯರಿಗೆಂದು ತಯಾರಾದ ಪ್ರತಿವಿಷವೇ ಅದಕ್ಕೂ ಮದ್ದು. ಸೀಸೆಗಳನ್ನು ಹಣ ಕೊಟ್ಟು ತರಬೇಕಾದ ಮನೆಯವರು ಹಸುವಿನ ಬೆಲೆಯನ್ನೂ ಔಷಧದ ಬೆಲೆಯನ್ನೂ ತೂಗುತ್ತ ಕೂರುತ್ತಾರೆ. ಹಸು ಸತ್ತರೆ ಡೇರಿಗೆ ಹಾಕುವ ಹಾಲು ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿತು. ಒಳ್ಳೆಯ ಹೆಜ್ಜೆ. ಆದರೆ ಬದುವಿನಲ್ಲಿ ಬಿದ್ದ ಹಸು ಆ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಹಾವು, ಒಂದೇ ವಿಷ, ಒಂದೇ ಮದ್ದು. ಊರಿನ ಪಶು ಆಸ್ಪತ್ರೆಯ ಕಪಾಟಿನಲ್ಲೂ ಹತ್ತು ಸೀಸೆ ಪ್ರತಿವಿಷ ಇರಲಿ.